ದೋಣಿ ಮತ್ತೆ ನೀರಿಗಿಳಿಯಿತು

ನಿನ್ನೆ ಬೆಳಿಗ್ಗೆ ನಮ್ಮ ಹಾಯಿದೋಣಿ ಮತ್ತೆ ನೀರಿಗಿಳಿಯಿತು. ರಿಪೇರಿಗಾಗಿ 74 ದಿನ ನೆಲದ ಮೇಲೆ, ಕಂಬಗಳ ಆಸರೆಯಲ್ಲಿ ನಿಂತಿತ್ತು. ತಳಕ್ಕೆ ನೀರು ತಾಕಿದ ಕೂಡಲೇ ನನ್ನ ಗಂಡ ಒಳಗೆ ಓಡಿ, ಸೋರಿದ ನೀರು ಸೇರುವ ತಳದ ಗುಂಡಿಯ (ಬಿಲ್ಜ್) ಮುಚ್ಚಳ ತೆಗೆದು, ಟಾರ್ಚ್ ಹಾಕಿ ನೋಡಿದ. "ಒಂದು ಹನಿ ಇಲ್ಲ" ಎಂದು ಕೂಗಿದ. ನಾನು ಕಾಕ್‌ಪಿಟ್‌ನಲ್ಲೇ ಕುಳಿತು ಅತ್ತುಬಿಟ್ಟೆ.

ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಹೆಚ್ಚಿನವರಿಗೆ ಕನ್ನಡ ಬರುವುದಿಲ್ಲ. ಅವರಿಗೆಲ್ಲ ಬರುವ ಭಾಷೆಯಲ್ಲಿ, ಕೈ ಹಿಡಿದುಕೊಂಡು ಹೇಳಿಯಾಗಿದೆ. ಆದರೆ ಆ ಭಾಷೆಗಳಲ್ಲಿ ನನಗೆ ಗೊತ್ತಿರುವುದು ನಾಲ್ಕು ಮಾತು. ಎದೆಯಲ್ಲಿ ಉಳಿದದ್ದೇ ಜಾಸ್ತಿ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರು ದೋಣಿಯಲ್ಲೇ ವಾಸ ಮಾಡಲು ಶುರು ಮಾಡಿ ಎರಡು ವರ್ಷವಾಯಿತು. ಪನಾಮಾದಿಂದ ಹೊರಟು, ಪೆಸಿಫಿಕ್ ಸಾಗರದಲ್ಲಿ ಸುಮಾರು 4,000 ನಾಟಿಕಲ್ ಮೈಲಿ ದಾಟಿ, 36 ದಿನಗಳ ನಂತರ ಮಾರ್ಕೆಸಾಸ್ ದ್ವೀಪಗಳ ಬೆಟ್ಟ ಕಂಡಾಗ ಕಷ್ಟದ ಭಾಗ ಮುಗಿಯಿತು ಅಂದುಕೊಂಡಿದ್ದೆವು. ಅಲ್ಲಿಂದ ಮುಂದೆ ಟುವಾಮೋಟು. ಸುಮಾರು 80 ಹವಳದ ದ್ವೀಪಗಳು. ಹೆಚ್ಚಿನವುಗಳಲ್ಲಿ ಬೆಟ್ಟವಿಲ್ಲ, ಗುಡ್ಡವಿಲ್ಲ. ಎಲ್ಲಕ್ಕಿಂತ ಎತ್ತರದ್ದು ಎಂದರೆ ತೆಂಗಿನ ಮರ. ತೀರಾ ಹತ್ತಿರ ಹೋಗುವವರೆಗೂ ಏನೂ ಕಾಣುವುದಿಲ್ಲ. ಹಳೆಯ ನಾವಿಕರು ಇದನ್ನು ಅಪಾಯದ ದ್ವೀಪಸಮೂಹ ಎಂದು ಕರೆಯುತ್ತಿದ್ದರು. ಉಂಗುರದಂಥ ದ್ವೀಪ, ನಡುವೆ ತಿಳಿನೀರಿನ ಲಗೂನ್. ನೀರಿನ ಅಡಿಯಲ್ಲಿ ಅಲ್ಲಲ್ಲಿ ಹವಳದ ದಿಬ್ಬಗಳು, ಕೆಲವು ಮನೆಯಷ್ಟು ದೊಡ್ಡವು.

ಫಕರಾವಾ ದ್ವೀಪದಲ್ಲಿ, ಲಗೂನಿನ ಪೂರ್ವ ಅಂಚಿನಲ್ಲಿ 12 ಮೀಟರ್ ಆಳದಲ್ಲಿ ಲಂಗರು ಹಾಕಿದ್ದೆವು. ಅಲ್ಲಿ ಸಾಮಾನ್ಯವಾಗಿ ಗಾಳಿ ಪೂರ್ವದಿಂದ ಬೀಸುತ್ತದೆ. ತೆಂಗಿನ ತೋಪು ಅಡ್ಡ ಇರುವುದರಿಂದ ದೋಣಿ ತೊಟ್ಟಿಲಿನ ಹಾಗೆ ನಿಲ್ಲುತ್ತದೆ. ಗಾಳಿ ಪಶ್ಚಿಮಕ್ಕೆ ತಿರುಗಬಹುದು ಎಂದು ಮುನ್ಸೂಚನೆ ಹೇಳಿತ್ತು. ನಾಳೆ ಸಂಜೆಯ ಹೊತ್ತಿಗೆ ಬರಬಹುದು, ಬೆಳಿಗ್ಗೆ ಜಾಗ ಬದಲಿಸೋಣ ಎಂದು ಮಲಗಿದೆವು. ಅದು ನಮ್ಮ ತಪ್ಪು.

ಗಾಳಿ ಬಂದದ್ದು ಅದೇ ರಾತ್ರಿ ಎರಡು ಗಂಟೆಗೆ. 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್. ಲಗೂನಿನ ಅಷ್ಟೂ ಅಗಲದಿಂದ ಎದ್ದು ಬಂದ ಅಲೆಗಳು ನೇರವಾಗಿ ನಮ್ಮ ಮೇಲೆ. ಹಿಂದೆ ಕಲ್ಲಿನಂಥ ಹವಳದ ದಂಡೆ. ಲಂಗರು ಜಾರಲಿಲ್ಲ, ಆದರೆ ಅದರ ಸರಪಳಿ ಒಂದು ದಿಬ್ಬಕ್ಕೆ ಸುತ್ತಿಕೊಂಡು ಗಿಡ್ಡವಾಗಿತ್ತು. ಸರಪಳಿ ಉದ್ದವಾಗಿ ಇಳಿಬಿದ್ದಿದ್ದರೆ ಅಲೆಯ ಜೊತೆ ದೋಣಿ ಏರಿ ಇಳಿಯುತ್ತದೆ. ಗಿಡ್ಡವಾದರೆ ಪ್ರತಿ ಅಲೆಗೂ ಯಾರೋ ಕತ್ತು ಹಿಡಿದು ಜಗ್ಗಿದಂತೆ. ಆ ಎಳೆತವನ್ನು ತಡೆದುಕೊಳ್ಳಲೆಂದೇ ಕಟ್ಟಿದ್ದ ನೈಲಾನ್ ಹಗ್ಗ ಗುಂಡು ಹೊಡೆದ ಸದ್ದು ಮಾಡಿ ತುಂಡಾಯಿತು. ಅದನ್ನು ಮತ್ತೆ ಕಟ್ಟಲು ಹೋಗಿ ನನ್ನ ಅಂಗೈ ಸೀಳಿತು. ಆಮೇಲೆ ಹಿಂಭಾಗದಿಂದ ದಢ್ ಎಂಬ ಸದ್ದು ಕೇಳಿತು. ಚುಕ್ಕಾಣಿ ಹವಳಕ್ಕೆ ಬಡಿದಿತ್ತು. ಮನೆಯೇ ನೆಲಕ್ಕೆ ಬಡಿದರೆ ಹೇಗಿರುತ್ತದೋ ಹಾಗೆ, ಅಂಗಾಲಿನಿಂದ ಹಲ್ಲಿನವರೆಗೆ ನಡುಕ.

ವಿಎಚ್‌ಎಫ್ ರೇಡಿಯೋದಲ್ಲಿ ತುರ್ತು ಕರೆಯ ಚಾನೆಲ್ 16 ಒತ್ತಿ ಕರೆದೆ. ಎರಡನೇ ಸಲ ಕರೆಯುವ ಮೊದಲೇ ಉತ್ತರ ಬಂತು. "ನಿಮ್ಮ ದೀಪ ಕುಣಿಯುವುದನ್ನು ನೋಡುತ್ತಲೇ ಇದ್ದೇವೆ. ಹೊರಟಿದ್ದೇವೆ."

ಉತ್ತರ ಕೊಟ್ಟ, ಹತ್ತಿರದ ಹಸಿರು ದೋಣಿಯ ಹಿರಿಯ ದಂಪತಿಯೇ, ನನ್ನ ಮೊದಲ ಥ್ಯಾಂಕ್ಸ್ ನಿಮಗೆ. ಆ ಕತ್ತಲಲ್ಲಿ, ಆ ಅಲೆಯಲ್ಲಿ, ಮೂರು ಮೀಟರಿನ ರಬ್ಬರ್ ಡಿಂಗಿ ಹತ್ತಿ ಬಂದಿರಿ. ಡಿಂಗಿ ಮಗುಚಿದ್ದರೆ ನಿಮ್ಮನ್ನು ಹುಡುಕಲು ಯಾರೂ ಇರಲಿಲ್ಲ. ಇನ್ನೊಂದು ದೋಣಿಯಿಂದ ಒಬ್ಬನೇ ಬಂದ ಹುಡುಗನ ಜೊತೆ ಸೇರಿ ನಮ್ಮ ಎರಡನೇ ಲಂಗರನ್ನು ಹಗ್ಗದ ಸಮೇತ ಡಿಂಗಿಗೆ ಇಳಿಸಿಕೊಂಡಿರಿ. 60 ಮೀಟರ್ ಆಚೆ, ಗಾಳಿಗೆ ಓರೆಯಾಗಿ ಬಿಟ್ಟು ಬಂದಿರಿ. ನಾವು ಹಗ್ಗ ಎಳೆಯುವ ರಾಟೆ (ವಿಂಚ್) ತಿರುಗಿಸಿ ತಿರುಗಿಸಿ ದೋಣಿಯನ್ನು ಪಕ್ಕಕ್ಕೆ ಎಳೆದೆವು. ಬಡಿಯುವ ಸದ್ದು ನಿಂತಿತು. ಆ ಹುಡುಗ ಬೆಳಗಾಗುವವರೆಗೆ ನಮ್ಮ ದೋಣಿಯ ಮೂತಿಯಲ್ಲೇ ಕುಳಿತು ಹಗ್ಗ ಸವೆಯದಂತೆ ಬಟ್ಟೆ ಸುತ್ತುತ್ತಿದ್ದ. ಮಾತೇ ಆಡಲಿಲ್ಲ. ಅವನ ಬೆನ್ನು ನೋಡಿಕೊಂಡೇ ನಾನು ಧೈರ್ಯ ತಂದುಕೊಂಡೆ.

ಬೆಳಿಗ್ಗೆ ಮುತ್ತಿನ ಕೃಷಿ ಮಾಡುವ ಒಬ್ಬರು ಅಲ್ಯೂಮಿನಿಯಂ ದೋಣಿಯಲ್ಲಿ ಬಂದರು. ನಾವು ಕರೆದಿರಲಿಲ್ಲ. ಈಜುವ ಕನ್ನಡಕ ಏರಿಸಿ, ಉಸಿರು ಹಿಡಿದು ನೀರಿನ ಕೆಳಗೆ ಹೋದರು. ಮೇಲೆ ಬಂದು ಬೆರಳಿನಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ಬರೆದರು. ಸರಪಳಿ ಅಷ್ಟು ಸುತ್ತಿಕೊಂಡಿತ್ತು. ಅವರು ಮುಳುಗಿ ನೋಡುವುದು, ಎದ್ದು ಕೈ ತೋರಿಸುವುದು, ನಾವು ಆ ಕಡೆಗೆ ನಿಧಾನವಾಗಿ ಎಂಜಿನ್ ಕೊಡುವುದು. ಒಂದು ಗಂಟೆ ಹಿಡಿಯಿತು. ಕೊನೆಯ ಸುತ್ತು ಬಿಟ್ಟಾಗ ಸರಪಳಿಯ ಒಂದು ಕೊಂಡಿಯಲ್ಲಿ ಬೆರಳುದ್ದದ ಹವಳದ ಚೂರು ಸಿಕ್ಕಿಕೊಂಡು ಬಂತು. ಮುರಿದ ಕಡೆ ಹಾಲಿನಂತೆ ಬೆಳ್ಳಗಿತ್ತು. ಅವರು ಅದನ್ನು ಬಿಡಿಸಿ, ಒಂದು ಕ್ಷಣ ಅಂಗೈಯಲ್ಲಿಟ್ಟುಕೊಂಡು, ನೀರಿಗೆ ಬಿಟ್ಟರು. ಏನೂ ಅನ್ನಲಿಲ್ಲ. ಆ ಹವಳಕ್ಕೂ ನಾವು ಸಾಲಗಾರರೇ ಅಲ್ವಾ?

ಮಧ್ಯಾಹ್ನ ಅವರೇ ಮತ್ತೆ ಬಂದು ಮುತ್ತಿನ ಕೃಷಿಯ ನಾಲ್ಕು ಹಳೆಯ ತೇಲುಬುರುಡೆ ಕೊಟ್ಟು ಹೋದರು. ಲಂಗರಿನ ಹತ್ತಿರದ ಸರಪಳಿ ಮಾತ್ರ ನೆಲದ ಮೇಲೆ ಮಲಗಲಿ, ಉಳಿದದ್ದಕ್ಕೆ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಬುರುಡೆ ಕಟ್ಟಿ. ಸರಪಳಿ ದಿಬ್ಬಗಳ ಮೇಲೆ ತೇಲುತ್ತದೆ. ಸುತ್ತಿಕೊಳ್ಳುವುದಿಲ್ಲ, ಹವಳವೂ ಮುರಿಯುವುದಿಲ್ಲ. ಇಷ್ಟು ಸರಳ ವಿಷಯ. ಈ ದ್ವೀಪಗಳಿಗೆ ಬರುವವರು ದಯವಿಟ್ಟು ಇದನ್ನು ಮೊದಲ ದಿನವೇ ಮಾಡಿ.

ಹಸಿರು ದೋಣಿಯ ಅಮ್ಮ ನನ್ನ ಕೈ ನೋಡಿಕೊಂಡದ್ದನ್ನು ಹೇಳಲೇಬೇಕು. ಉಷ್ಣವಲಯದ ಸಮುದ್ರದಲ್ಲಿ ಗಾಯ ಬೇಗ ಕೀವು ಕಟ್ಟುತ್ತದೆ. ಅವರು ಐದು ದಿನ ಬೆಳಿಗ್ಗೆ, ಸಂಜೆ ಬಂದು ತೊಳೆದು ಬಟ್ಟೆ ಕಟ್ಟಿದರು. ಅವರ ಉಪ್ಪುನೀರು ಸಿಹಿ ಮಾಡುವ ಯಂತ್ರ ಕೆಟ್ಟಿತ್ತು. ಕುಡಿಯುವ ನೀರನ್ನು ಲೋಟದಲ್ಲಿ ಅಳೆಯುತ್ತಿದ್ದರು. ಅದು ನನಗೆ ಗೊತ್ತಾಗಿದ್ದು ಆಮೇಲೆ. ನನ್ನ ಕೈ ಮೇಲೆ ಮಾತ್ರ ಅವರು ಸಿಹಿನೀರನ್ನು ಧಾರಾಳವಾಗಿ ಸುರಿದಿದ್ದರು.

ಮುರಿದ ಚುಕ್ಕಾಣಿಯಲ್ಲೇ ಇನ್ನೊಂದು ಹವಳದ ದ್ವೀಪ ಅಪಟಾಕಿಯಲ್ಲಿರುವ ದೋಣಿ ರಿಪೇರಿ ಯಾರ್ಡ್‌ಗೆ ಹೋದೆವು. ಲಗೂನಿನಿಂದ ಹೊರಗೆ ಹೋಗುವ ಬಾಯಲ್ಲಿ ಉಬ್ಬರವಿಳಿತದ ನೀರು ನದಿಯಂತೆ ನುಗ್ಗುತ್ತದೆ. ಆ ಸೆಳೆತ ಶಾಂತವಾಗುವ ಸ್ವಲ್ಪ ಹೊತ್ತಿಗೆ ಕಾದು ದಾಟಬೇಕು. ಹಸಿರು ದೋಣಿ ನಮ್ಮ ಮುಂದೆ ಹೊರಟಿತು. ರಾತ್ರಿಯೆಲ್ಲ ಅದರ ಹಿಂದಿನ ಬಿಳಿ ದೀಪ ನೋಡಿಕೊಂಡೇ ನಡೆಸಿದೆವು. ಅವರು ಹೋಗಬೇಕಿದ್ದದ್ದು ಬೇರೆ ದಿಕ್ಕಿಗೆ.

ಚುಕ್ಕಾಣಿ ಎಂದರೆ ಎರಡು ಫೈಬರ್‌ಗ್ಲಾಸ್ ಚಿಪ್ಪು, ನಡುವೆ ಫೋಮ್. ಬಿರುಕಿನಿಂದ ನೀರು ಕುಡಿದ ಫೋಮ್ ಒಣಗದೆ ಏನೂ ಮಾಡುವ ಹಾಗಿಲ್ಲ. ವಾರಗಟ್ಟಲೆ ಕಾಯಬೇಕು. ಯಾರ್ಡ್‌ನ ಹಿರಿಯರು ದಿನಾ ಬಂದು ಒಂದು ನಾಣ್ಯದಿಂದ ಅದನ್ನು ತಟ್ಟುತ್ತಿದ್ದರು. ಟಪ್ ಟಪ್ ಎಂದರೆ ಒಳಗೆ ಇನ್ನೂ ಟೊಳ್ಳು, ಹಸಿ. ಟಿಕ್ ಎಂದರೆ ಗಟ್ಟಿ. ನನಗೂ ನಾಣ್ಯ ಕೊಟ್ಟು ಕಿವಿ ಕಲಿಸಿದರು. ಚುಕ್ಕಾಣಿ ಅಂಟಿಸುವ ಎಪಾಕ್ಸಿ ಅಂಟು, ಸರಕಿನ ಹಡಗಿನಲ್ಲಿ ಟಹೀಟಿಯಿಂದ ಬರಬೇಕಿತ್ತು, ತಡವಾಯಿತು. ಪಕ್ಕದ ದೋಣಿಯವರು ತಮ್ಮ ಕೆಲಸ ನಿಲ್ಲಿಸಿ ತಮ್ಮ ಡಬ್ಬಿಯನ್ನೇ ಕೊಟ್ಟರು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ದಕ್ಷಿಣ ಪೆಸಿಫಿಕ್‌ನಲ್ಲಿ ಚಂಡಮಾರುತದ ಕಾಲ. ಅವರಿಗೂ ಅವಸರವಿತ್ತು.

ಆ ದಿನಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಹಾಸಿಗೆ ಅಲುಗುತ್ತಿರಲಿಲ್ಲ, ಅದೇ ಕಾರಣ. ಎಲ್ಲ ಮಾರಿ ವಾಪಸ್ ಬಂದುಬಿಡೋಣ ಎಂದು ಎಷ್ಟೋ ರಾತ್ರಿ ಅನಿಸಿತ್ತು. ಆಗ ಕನ್ನಡದಲ್ಲಿ ಮೆಸೇಜ್ ಮಾಡಿದ ಸ್ನೇಹಿತರೇ, ನೀವು ಯಾರೂ "ಬೇಕಿತ್ತಾ ಇದೆಲ್ಲ" ಎಂದು ಕೇಳಲಿಲ್ಲ. "ಊಟ ಆಯ್ತಾ, ಕೈ ಹೇಗಿದೆ" ಎಂದಷ್ಟೇ ಕೇಳಿದಿರಿ. ಸಿಗ್ನಲ್ ಸಿಕ್ಕಾಗೆಲ್ಲ ಆ ಮೆಸೇಜ್‌ಗಳನ್ನು ಮತ್ತೆ ಮತ್ತೆ ಓದಿದ್ದೇನೆ.

ನಿನ್ನೆ ಸಂಜೆ ನಮ್ಮ ಹತ್ತಿರ ಹೊಸದೊಂದು ದೋಣಿ ಬಂದು ಲಂಗರು ಹಾಕಿತು. ಚಿಕ್ಕ ವಯಸ್ಸಿನ ಇಬ್ಬರು, ಮೊದಲ ಸಲ ಈ ದ್ವೀಪಗಳಿಗೆ ಬಂದವರು. ನಾಲ್ಕು ಬುರುಡೆಗಳಲ್ಲಿ ಎರಡನ್ನು ಅವರಿಗೆ ಕೊಟ್ಟು, ಕಟ್ಟುವುದು ಹೇಗೆಂದು ತೋರಿಸಿ ಬಂದೆವು. ನಮ್ಮ ರೇಡಿಯೋ ರಾತ್ರಿಯೆಲ್ಲ ಆನ್ ಇರುತ್ತದೆ, ಚಾನೆಲ್ 16, ಯಾವ ಹೊತ್ತಿಗಾದರೂ ಕರೆಯಿರಿ ಎಂದು ಹೇಳಿದ್ದೇವೆ.