ಬಾಲ್ಕನಿ ಇಲ್ಲದ ಮನೆ: ಯುವ ಬರಹಗಾರನಿಗೆ ಒಂದು ಪತ್ರ

ಪೆರ್ಲ, ಕಾಸರಗೋಡು ಜಿಲ್ಲೆ
2020 ಮೇ 26

ಪ್ರಿಯ ಶಿಷ್ಯನಿಗೆ ಆಶೀರ್ವಾದಗಳು. ಇತ್ತ ಕ್ಷೇಮ.

ಲಾಕ್‌ಡೌನ್ ಕುರಿತು ನೀನು ಕಳುಹಿಸಿದ ‘ಮನೆಯೊಳಗಿನ ಅರುವತ್ತು ದಿನಗಳು’ ಎಂಬ ಬರಹವನ್ನು ಮೊದಲು ಮೊಬೈಲಿನಲ್ಲಿ ಓದಿದೆ. ಅಕ್ಷರಗಳು ಇರುವೆಗಳಂತೆ ಹರಿದಾಡತೊಡಗಿದಾಗ ಅದನ್ನು ಬದಿಗಿಟ್ಟೆ. ಅರುವತ್ತೈದು ದಾಟಿದ ನಮ್ಮಂಥವರು ಪೇಟೆಗೆ ಇಳಿಯಬಾರದೆಂಬ ಸೂಚನೆ ಇನ್ನೂ ಜಾರಿಯಲ್ಲಿರುವುದರಿಂದ ನೆರೆಮನೆಯ ಹುಡುಗನ ಕೈಯಲ್ಲಿ ಪ್ರಿಂಟ್ ತೆಗೆಸಿ ತರಿಸಿ, ಜಗಲಿಯಲ್ಲಿ ಕುಳಿತು ಮತ್ತೆರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ವಾಕ್ಯಗಳು ಎಡವುವುದಿಲ್ಲ. ಏಳನೆಯ ತರಗತಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳಿಗಾಗಿ ನಿನ್ನಿಂದ ಎಷ್ಟು ಕಾಪಿ ಬರೆಸಿದ್ದೆನೆಂಬುದು ನೆನಪಾಗಿ ನನಗೂ ತುಸು ಹೆಮ್ಮೆಯಾಯಿತು. ‘ಮುಲಾಜಿಲ್ಲದೆ ಹೇಳಿ ಮಾಷ್ಟ್ರೇ’ ಎಂದು ನೀನೇ ಬರೆದಿರುವುದರಿಂದ ಹೇಳುತ್ತೇನೆ: ಈ ಬರಹದಲ್ಲಿ ನಿನ್ನ ಮನೆ ಇಲ್ಲ.

ಎರಡನೆಯ ಪುಟದಲ್ಲಿ ನೀನು ‘ಬಾಲ್ಕನಿಯಲ್ಲಿ ನಿಂತು ನಿರ್ಜನವಾದ ಬೀದಿಯನ್ನು ದಿಟ್ಟಿಸಿದೆ’ ಎಂದಿದ್ದೀಯ. ಬಾಯಾರಿನ ನಿಮ್ಮ ಮನೆಗೆ ನಾನು ಬಂದವನು. ಅಲ್ಲಿ ಬಾಲ್ಕನಿ ಇಲ್ಲ, ಬೀದಿಯೂ ಇಲ್ಲ. ಹಂಚಿನ ಮಾಡು, ತಗ್ಗಿನ ಜಗಲಿ, ಅಡಿಕೆ ಹರಡಿದ ಅಂಗಳ, ಅಂಗಳದ ಕೆಳಗೆ ತೋಟ, ತೋಟದಾಚೆ ಜೋರಾಗಿ ಕೂಗಿದರೆ ಮಾತ್ರ ಓಗೊಡುವಷ್ಟು ದೂರದಲ್ಲಿ ಇನ್ನೊಂದು ಮನೆ. ಅಂತರ ಇಟ್ಟುಕೊಂಡು ಬದುಕುವುದನ್ನು ನಮ್ಮ ಗುಡ್ಡೆಗಳಲ್ಲಿ ಮಾರ್ಚ್ ತಿಂಗಳಲ್ಲಿ ಯಾರೂ ಬಂದು ಕಲಿಸಬೇಕಾಗಿರಲಿಲ್ಲ. ಮನುಷ್ಯ ಒಳಹೊಕ್ಕದ್ದರಿಂದ ನವಿಲುಗಳು ಹೊರಬಂದವು ಎಂದೂ ಬರೆದಿದ್ದೀಯ. ನಿಮ್ಮ ಅಪ್ಪ ಕಳೆದ ಹತ್ತು ವರ್ಷಗಳಿಂದ ನವಿಲುಗಳನ್ನು ತರಕಾರಿ ಸಾಲಿನಿಂದ ಓಡಿಸುತ್ತಲೇ ಇದ್ದಾರಲ್ಲ! ದೊಡ್ಡ ನಗರಗಳಲ್ಲಿ ಕುಳಿತವರು ತಮಗೆ ಕಂಡದ್ದನ್ನು ಬರೆದರು, ಅದು ಅವರ ಮಟ್ಟಿಗೆ ಸತ್ಯವೇ ಇದ್ದೀತು. ನೀನು ಅದನ್ನು ಓದಿ, ಅವರ ಕಿಟಕಿಯನ್ನು ಕಿತ್ತು ತಂದು ನಿನ್ನ ಗೋಡೆಗೆ ಕೂರಿಸಿದೆ. ಹಾಗೆ ಮಾಡಿದಾಗ ನಿನ್ನ ಜಗಲಿಯಿಂದ ಮಾತ್ರ ಕಾಣುವುದನ್ನು ಕಾಣುವವರು ಯಾರೂ ಉಳಿಯಲಿಲ್ಲ.

ನೀರಿನ ವಿಷಯವನ್ನೇ ನೋಡು. ಮಾರ್ಚ್ ಮಧ್ಯದಲ್ಲಿ ಕೇರಳ ಸರಕಾರ ‘ಬ್ರೇಕ್ ದ ಚೈನ್’ ಎಂಬ ಅಭಿಯಾನ ಆರಂಭಿಸಿತು. ಸಾಬೂನು ಹಚ್ಚಿ 20 ಸೆಕೆಂಡು ಕೈ ಉಜ್ಜಿ ತೊಳೆಯಬೇಕೆಂದು ಎಲ್ಲ ಕಡೆ ಹೇಳಲಾಯಿತು. ಆ 20 ಸೆಕೆಂಡುಗಳನ್ನು ಎಣಿಸುವ ಕುರಿತು ನೀನು ಒಂದು ಒಳ್ಳೆಯ ತಮಾಷೆಯ ವಾಕ್ಯವನ್ನು ಬರೆದಿದ್ದೀಯ, ನಾನೂ ನಕ್ಕೆ. ಆದರೆ ಕೈಗೆ ಬಿದ್ದ ನೀರು ಎಲ್ಲಿಂದ ಬಂತೆಂದು ಬರೆಯಲಿಲ್ಲ. ನಿಮ್ಮದು ಸುರಂಗದ ನೀರು. ನಿನಗೆ ಅದು ಹುಟ್ಟಿದಾಗಿನಿಂದ ಕಂಡದ್ದಾದ್ದರಿಂದ ವಿಶೇಷವೆನಿಸಿಲ್ಲ. ಆದರೆ ಮೈಸೂರಿನಲ್ಲೋ ಧಾರವಾಡದಲ್ಲೋ ಕುಳಿತ ಓದುಗನಿಗೆ, ಮುರಕಲ್ಲಿನ ಗುಡ್ಡೆಯ ಬದಿಯನ್ನು ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಮಾತ್ರ ಕೊರೆದು, ನೀರಿನ ಒಸರು ಸಿಗುವ ತನಕ ಕೋಲುಗಳ ಲೆಕ್ಕದಲ್ಲಿ ಕತ್ತಲೆಯೊಳಗೆ ಮುಂದೆ ಮುಂದೆ ಹೋಗುತ್ತಾರೆ ಎಂಬುದೇ ಗೊತ್ತಿರುವುದಿಲ್ಲ. ಆ ನೀರಿಗೆ ಪಂಪು ಬೇಡ, ಕರೆಂಟು ಬೇಡ. ಅದು ತಾನಾಗಿ ಇಳಿದು ಬಂದು ಹೊಂಡ ಸೇರುತ್ತದೆ. ಆದರೆ ಏಪ್ರಿಲಿನಲ್ಲಿ ಅದರ ಧಾರೆ ಕಿರುಬೆರಳಿಗಿಂತ ತೆಳುವಾಗುತ್ತದೆ. ಅದೇ ಏಪ್ರಿಲಿನಲ್ಲಿ ನೀನು ಮಂಗಳೂರಿನ ಹಾಸ್ಟೆಲಿನಿಂದ ಬಂದು ಕುಳಿತಿದ್ದೆ, ನಿನ್ನ ಅಕ್ಕ ಇಬ್ಬರು ಮಕ್ಕಳೊಡನೆ ಬಂದಿದ್ದಳು, ಬಾವನೂ ಬಂದವನು ಹಿಂತಿರುಗಲಾಗದೆ ಉಳಿದಿದ್ದ. ಮೂವರ ಮನೆಯಲ್ಲಿ ಎಂಟು ಜನರ ಸ್ನಾನ, ಎಂಟು ಜನರ ಬಟ್ಟೆ, ಅದರ ಮೇಲೆ ದಿನಕ್ಕೆ ಹತ್ತು ಸಲ ಕೈ ತೊಳೆಯುವುದು. ಹೊಂಡದಲ್ಲಿ ಉಳಿದ ನೀರು ಅಡಿಕೆ ಬುಡಕ್ಕೋ ಮಕ್ಕಳ ಕೈಗೋ ಎಂದು ನಿನ್ನ ಅಮ್ಮ ಪ್ರತಿ ಸಂಜೆ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿರಬೇಕು. ಆ ತೀರ್ಮಾನ ನಿನ್ನ ಬರಹದಲ್ಲಿ ಒಂದು ಸಾಲಿನಲ್ಲಾದರೂ ಬಂದಿದ್ದರೆ, ನಾಲ್ಕನೆಯ ಪುಟದಲ್ಲಿ ನೀನು ಮಾಡಿದ ‘ಪ್ರಕೃತಿ ಮತ್ತು ಮನುಷ್ಯ’ ಎಂಬ ಚಿಂತನೆಯ ಅಗತ್ಯವೇ ಇರುತ್ತಿರಲಿಲ್ಲ. ಆ ಪುಟವನ್ನು ತೆಗೆದುಬಿಡು. ನಿನಗೆ ಬೇಸರವಾದೀತು, ಪರವಾಗಿಲ್ಲ.

ಇನ್ನು ಐದನೆಯ ಪುಟ. ಅದನ್ನು ಓದುವಾಗ ನನಗೆ ಸಿಟ್ಟು ಬಂತು. ‘ಗಲ್ಫಿನಿಂದ ರೋಗವನ್ನು ಹೊತ್ತು ತಂದವರು’ ಎಂದು ಬರೆದಿದ್ದೀಯಲ್ಲ, ಅದಕ್ಕೆ. ಆ ದಿನಗಳಲ್ಲಿ ಜಿಲ್ಲಾಡಳಿತ ಹೊರಡಿಸುತ್ತಿದ್ದ, ಸೋಂಕು ತಗಲಿದವರ ಓಡಾಟದ ರೂಟ್ ಮ್ಯಾಪ್‌ಗಳು ನಿನ್ನ ಮೊಬೈಲಿಗೂ ಬಂದಿರಬೇಕು. ನಾನು ಅವುಗಳನ್ನು ಒಂದೂ ಬಿಡದೆ ಓದಿದವನು, ಮೊದಲು ಹೆದರಿಕೆಯಿಂದ, ಆಮೇಲೆ ಬೇರೆಯೇ ಕುತೂಹಲದಿಂದ. ಹೆಸರಿಲ್ಲ, ಊರಿನ ಮನೆತನವಿಲ್ಲ, ಒಬ್ಬ ಮನುಷ್ಯ ಯಾವ ವಿಮಾನದಲ್ಲಿ ಇಳಿದ, ಯಾವ ರೈಲನ್ನು ಹತ್ತಿದ, ಎಷ್ಟು ಗಂಟೆಗೆ ಯಾವ ಅಂಗಡಿಗೆ ಹೋದ ಎಂಬುದಷ್ಟೇ ಅದರಲ್ಲಿತ್ತು. ನಲುವತ್ತು ವರ್ಷ ಬರೆದ ನನಗೆ ಆ ಒಣ ಕಾಗದ ಗದ್ಯದ ಪಾಠವಾಯಿತು, ಏಕೆಂದರೆ ಅದರಲ್ಲಿ ವಿಶೇಷಣಗಳೇ ಇರಲಿಲ್ಲ. ಹೊತ್ತು ಮತ್ತು ಜಾಗ ಸರಿಯಾಗಿದ್ದರೆ ಓದುವವನು ಉಳಿದದ್ದನ್ನು ತಾನೇ ಕಾಣುತ್ತಾನೆ. (ನಮ್ಮ ಗೋವಿಂದ ಪೈಗಳು ಒಂದು ತಾರೀಖನ್ನು ನಿರ್ಣಯಿಸಲು ಪುಟಗಟ್ಟಲೆ ಬರೆದವರು. ಮಾರ್ಚ್ 23 ಅವರ ಜನ್ಮದಿನ. ಆ ದಿನ ಮಂಜೇಶ್ವರಕ್ಕೆ ಹೋಗಿ ಬರಬೇಕೆಂದು ಇಸ್ತ್ರಿ ಮಾಡಿಸಿಟ್ಟ ಅಂಗಿ ಇನ್ನೂ ಹಾಗೆಯೇ ಇದೆ. ಕೇರಳದಲ್ಲಿ ಲಾಕ್‌ಡೌನ್ ಘೋಷಣೆಯಾದದ್ದು ಅದೇ ದಿನ.)

ಆದರೆ ಅದೇ ರೂಟ್ ಮ್ಯಾಪನ್ನು ಓದಿದ ಊರು ರಾತ್ರಿ ಬೆಳಗಾಗುವುದರೊಳಗೆ ನ್ಯಾಯಾಧೀಶನಾಯಿತು. ಸ್ನೇಹಿತನ ಮನೆಯಲ್ಲಿ ಅವನು ಕುಳಿತ ಇಪ್ಪತ್ತು ನಿಮಿಷ ಅಪರಾಧವಾಯಿತು. ಎಷ್ಟೋ ವರ್ಷಗಳ ಬಳಿಕ ಬಂದವನು ಆ ಇಪ್ಪತ್ತು ನಿಮಿಷ ಏನು ಮಾತಾಡಿದನೆಂಬುದು ಸರಕಾರದ ಕಾಗದದಲ್ಲಿ ಬರುವುದಿಲ್ಲ, ಬರಬೇಕಾದ್ದೂ ಇಲ್ಲ. ಅದನ್ನು ಬರೆಯುವುದು ನಮ್ಮ ಕೆಲಸ. ನಿಮ್ಮ ತೋಟದಾಚೆಯ ಮನೆಯ ಹುಡುಗ ದುಬಾಯಿಯಿಂದ ಬಂದು 28 ದಿನ ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದನೆಂದು ನೀನೇ ಬರೆದಿದ್ದೀಯ. ಅವನ ತಾಯಿ ಮೆಟ್ಟಿಲ ಮೇಲೆ ಊಟದ ಬಟ್ಟಲಿಟ್ಟು ಕೆಳಗಿಳಿದ ಮೇಲೆ ಅವನು ಬಾಗಿಲು ತೆರೆಯುತ್ತಿದ್ದುದನ್ನು ನೀನು ಜಗಲಿಯಿಂದ ನೋಡಿದ್ದೀಯ. ಇಡೀ ಬರಹದಲ್ಲಿ ನೀನು ಸ್ವತಃ ಕಂಡ ದೃಶ್ಯವೆಂದರೆ ಅದೊಂದೇ. ಅದನ್ನು ಒಂದೂವರೆ ಸಾಲಿನಲ್ಲಿ ಮುಗಿಸಿ, ಪತ್ರಿಕೆಯಲ್ಲಿ ಓದಿದ ಆರೋಪವನ್ನು ಅರ್ಧ ಪುಟ ಬರೆದೆ. ಈಗ ಅವನು ಹೊರಗೆ ಓಡಾಡುತ್ತಿರಬೇಕು. ಹೋಗಿ ಮಾತಾಡಿಸು. ಅವನು ಒಪ್ಪಿದರೆ ಮಾತ್ರ ಬರೆ.

ಅವನ ಕುರಿತು ಬರೆಯುವಾಗ ನಿನ್ನ ಕೈಗೆ ಒಂದು ಶಬ್ದ ಸಿಗುತ್ತದೆ, ಅದನ್ನು ಬಿಡಬೇಡ. ಮಲೆಯಾಳದ ಪ್ರಕಟಣೆಗಳಲ್ಲಿ ಇಂಥವರನ್ನು ‘ನಿರೀಕ್ಷಣ’ದಲ್ಲಿ ಇರುವವರು ಎಂದು ಬರೆಯುತ್ತಿದ್ದರು. ಮಲೆಯಾಳದಲ್ಲಿ ಅದಕ್ಕೆ ಗಮನವಿಟ್ಟು ನೋಡುವುದು, ನಿಗಾ ಇಡುವುದು ಎಂಬ ಅರ್ಥ. ಕನ್ನಡದ ಕಿವಿಗೆ ಅದು ನಿರೀಕ್ಷೆಯೆಂದೇ ಕೇಳುತ್ತದೆ. ನನ್ನ ಮನೆಯವಳು ಮಲೆಯಾಳ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವವಳು. ‘ಇಷ್ಟು ಸಾವಿರ ಜನ ಏನನ್ನು ನಿರೀಕ್ಷಿಸಿಕೊಂಡು ಕುಳಿತಿದ್ದಾರೆ?’ ಎಂದು ಒಂದು ದಿನ ಕೇಳಿದಳು. ನಾನು ಅರ್ಥ ತಿದ್ದಿದೆ, ಶಾಲೆಯ ಚಾಳಿ. ಆಮೇಲೆ ಯೋಚಿಸಿದಾಗ ಅವಳು ಓದಿದ್ದೂ ತಪ್ಪಾಗಿರಲಿಲ್ಲವೆನಿಸಿತು. ಎರಡು ಲಿಪಿಗಳ ನಡುವೆ ಬದುಕುವವರಿಗೆ ಮಾತ್ರ ಸಿಗುವ ಇಂಥ ಶಬ್ದಗಳನ್ನು ಬಿಟ್ಟು ನೀನು ‘ಏಕಾಂತದ ಕಡಲು’, ‘ಮೌನದ ಗೋಡೆ’ ಎಂದೆಲ್ಲ ಬರೆಯುತ್ತೀಯ.

ಗಡಿಯ ಕುರಿತು ನೀನು ಬರೆದದ್ದನ್ನು ಟೀಕಿಸುವ ಮೊದಲು ನಾನು ಮಾಡಿದ್ದನ್ನು ಹೇಳಬೇಕು. ಗಡಿಯಾಚೆ ಕರ್ನಾಟಕದ ಅಡ್ಯನಡ್ಕದ ಕಡೆ ಇರುವ ನನ್ನ ಅಕ್ಕನ ಮನೆ ನಿನಗೆ ಗೊತ್ತು. ನಮ್ಮ ಮನೆಯಿಂದ ಹತ್ತು ಕಿಲೋಮೀಟರಿನೊಳಗೆ. 1956ರ ನವೆಂಬರ್ 1ರ ತನಕ ಎರಡೂ ಮನೆಗಳು ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಏಪ್ರಿಲ್ ಎರಡನೆಯ ವಾರದಲ್ಲಿ ಬಾವ ತೀರಿಕೊಂಡರು. ಕೊರೊನಾ ಅಲ್ಲ, ಹಳೆಯ ಹೃದಯದ ಕಾಯಿಲೆ. ನಾನು ಹೋಗಲಾಗಲಿಲ್ಲ. ಹೋಗಿದ್ದರೂ ಶವಸಂಸ್ಕಾರಕ್ಕೆ 20ಕ್ಕಿಂತ ಹೆಚ್ಚು ಜನ ಸೇರಬಾರದೆಂಬ ನಿಯಮವಿತ್ತು. ಆ ರಾತ್ರಿ ನಾನು ಕುಳಿತು ಮೂರು ಪುಟ ಬರೆದೆ. ‘ನಕ್ಷೆಯ ಗೆರೆಯೊಂದು ನನ್ನ ಎದೆಯನ್ನು ಸೀಳಿಕೊಂಡು ಹೋಯಿತು’ ಎಂಬುದು ಅದರ ಮೊದಲ ವಾಕ್ಯ. ಬೆಳಿಗ್ಗೆ ಓದಿದಾಗ ನಾಚಿಕೆಯಾಯಿತು. ಬಾವ ಅದರಲ್ಲಿ ಎಲ್ಲೂ ಇರಲಿಲ್ಲ, ನನ್ನ ಎದೆ ಮಾತ್ರ ಇತ್ತು.

ಹದಿಮೂರು ಕಳೆದ ಮೇಲೆ ಅಕ್ಕನೇ ಫೋನ್ ಮಾಡಿದಳು. ನಾನು ಸಮಾಧಾನದ ಮಾತುಗಳನ್ನು ಹುಡುಕುತ್ತಿದ್ದೆ. ಅವಳು ಕೇಳಿದ್ದು ಇಷ್ಟೇ: ‘ಅಲ್ಲಿ ಮಳೆ ಬಂತಾ ತಮ್ಮಾ? ಅಂಗಳದ ಅಡಿಕೆ ಒಳಗೆ ಹಾಕಿದೆಯಾ?’ ಪ್ರತಿವರ್ಷ ಮೊದಲ ಮಳೆಯ ಮೋಡ ಕಂಡ ಕೂಡಲೇ ಫೋನ್ ಮಾಡಿ ಇದನ್ನೇ ಕೇಳುತ್ತಿದ್ದವರು ಬಾವ. ಈ ಸಲ ಅವರ ಬದಲು ಅವಳು ಕೇಳಿದಳು. ‘ಹಾಕಿದೆ ಅಕ್ಕಾ’ ಎಂದೆ. ನಿಜಕ್ಕೂ ಹಾಕಿರಲಿಲ್ಲ, ಅರ್ಧ ಅಡಿಕೆ ನೆನೆದಿತ್ತು. ಆ ಮೂರು ಪುಟಗಳನ್ನು ಒಲೆಗೆ ಹಾಕಿ, ಈ ನಾಲ್ಕು ಸಾಲುಗಳನ್ನು ಡೈರಿಯಲ್ಲಿ ಬರೆದಿಟ್ಟೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇನ್ನೂ ಆಗಿಲ್ಲ.

ಆದ್ದರಿಂದ ಗಡಿಯ ತಲಪಾಡಿಯ ಕುರಿತ ನಿನ್ನ ಪುಟದಲ್ಲಿ ಕಣ್ಣೀರು, ರಕ್ತ, ತಾಯಿಯ ಮಡಿಲು ಎಂಬ ಶಬ್ದಗಳು ಬಂದಾಗ ನಿನ್ನನ್ನು ನೋಡಿ ನಗಲಿಲ್ಲ. ಆದರೆ ಅಲ್ಲಿ ನಡೆದದ್ದಕ್ಕೆ ಆ ಶಬ್ದಗಳ ಸಹಾಯ ಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿಗೆ ಮಣ್ಣು ಸುರಿದು ಕರ್ನಾಟಕ ದಾರಿ ಮುಚ್ಚಿತು. ದೊಡ್ಡ ಕಾಯಿಲೆಗಳಿಗೆ ತಲೆಮಾರುಗಳಿಂದ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಅಲ್ಲಿಗೆ ತಲುಪಲಾಗದೆ ಹೋದರು, ಕೆಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆಯನ್ನು ತೆರವುಗೊಳಿಸುವಂತೆ ಕೇಂದ್ರ ಸರಕಾರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರಂದು ರೋಗಿಗಳನ್ನು ಬಿಡುವ ಕುರಿತು ಒಪ್ಪಂದವಾಯಿತೆಂದು ಅಲ್ಲಿ ತಿಳಿಸಲಾಯಿತು. ಅದರ ಹಿಂದಿನ ದಿನವಷ್ಟೇ ಉಕ್ಕಿನಡ್ಕದಲ್ಲಿ ಪೂರ್ತಿಯಾಗದ ಮೆಡಿಕಲ್ ಕಾಲೇಜಿನ ಕಟ್ಟಡವೊಂದು ಕೋವಿಡ್ ಆಸ್ಪತ್ರೆಯಾಗಿ ತೆರೆದಿತ್ತು. ಮೇ ತಿಂಗಳ ಹತ್ತರ ಹೊತ್ತಿಗೆ ಜಿಲ್ಲೆಯ ಆ ಸುತ್ತಿನ ಕೊರೊನಾ ರೋಗಿಗಳೆಲ್ಲರೂ ಗುಣವಾದರು, ಒಬ್ಬರೂ ಸಾಯಲಿಲ್ಲ. ಸತ್ತವರು ಬೇರೆ ಕಾಯಿಲೆಯವರು, ದಾರಿ ಇಲ್ಲದೆ ಸತ್ತವರು. ಇದನ್ನು ತಾರೀಖಿನೊಡನೆ ಬರೆ. ಯಾರ ಮೇಲೆ ಕೋಪ ಬರಬೇಕೆಂಬುದನ್ನು ಓದುಗನಿಗೆ ನೀನು ಹೇಳಿಕೊಡಬೇಡ. ಆಚೆಯ ಊರುಗಳಲ್ಲೂ ನಮ್ಮವರೇ ಇದ್ದಾರೆ, ಅವರಿಗೂ ಭಯವಿತ್ತು.

ಕೊನೆಯ ಪುಟದಲ್ಲಿ ಯಕ್ಷಗಾನದ ಕುರಿತು ನಾಲ್ಕು ಸಾಲು ಇದೆ, ‘ಕಲೆಗೆ ಗ್ರಹಣ’ ಎಂದು. ಮೊನ್ನೆ ಪತ್ತನಾಜೆ ಕಳೆಯಿತು, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಈ ಸಲ ಮಾರ್ಚಿನಲ್ಲೇ ಬಿಚ್ಚಿದ ಗೆಜ್ಜೆಗೆ ಮತ್ತೆ ಬಿಚ್ಚಲು ಏನೂ ಇರಲಿಲ್ಲ. ಚೆಂಡೆ ಬಾರಿಸುವ ನಿನ್ನ ಚಿಕ್ಕಪ್ಪ ಈ ಎರಡು ತಿಂಗಳು ರಾತ್ರಿ ಹೊತ್ತು ನಿದ್ದೆ ಬಾರದೆ ಏನು ಮಾಡುತ್ತಿದ್ದರೆಂದು ವಿಚಾರಿಸಿದೆಯಾ? ನಿನ್ನ ಗ್ರಹಣ ಅಲ್ಲಿದೆ.

ಈ ಬರಹವನ್ನು ಈಗಲೇ ಯಾವ ಪತ್ರಿಕೆಗೂ ಕಳುಹಿಸಬೇಡ. ಎಲ್ಲರೂ ಕಳುಹಿಸುತ್ತಿದ್ದಾರೆ, ನಿನ್ನದು ಆ ರಾಶಿಯಲ್ಲಿ ಬಿದ್ದು ಹೋಗುತ್ತದೆ. ಕಾಯಿಲೆ ಇನ್ನೂ ಹೋಗಿಲ್ಲ, ಶಾಲೆಗಳು ಎಂದು ತೆರೆಯುತ್ತವೆಂಬುದು ಯಾರಿಗೂ ಗೊತ್ತಿಲ್ಲ. ನೀನು ಮಾತ್ರ ‘ಆ ದಿನಗಳು ಕಲಿಸಿದ್ದೇನು’ ಎಂದು ಮುಗಿಸಿದ್ದೀಯ. ಯಾವ ದಿನಗಳು ಮುಗಿದವು ಮಾರಾಯ? ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ದಿನಕ್ಕೆ ಐದು ಸಾಲು ಬರೆ. ತಾರೀಖು, ಹೊತ್ತು, ಯಾರು ಏನೆಂದರು, ಅಂಗಡಿಯಲ್ಲಿ ಏನು ಸಿಗಲಿಲ್ಲ, ಹಲಸಿನ ಬೇಳೆಯಿಂದ ಅಮ್ಮ ಎಷ್ಟನೆಯ ಸಲ ಸಾರು ಮಾಡಿದಳು. ನಿನ್ನ ಚಿಂತನೆಗಳನ್ನು ಅದರಲ್ಲಿ ಬರೆಯಬೇಡ. ಅವು ಹಳಸುವುದಿಲ್ಲ, ಬೇಕಾದಾಗ ಮತ್ತೆ ಹುಟ್ಟುತ್ತವೆ. ಸಾರು ಮರೆತುಹೋಗುತ್ತದೆ.

ನಿನ್ನ ಪ್ರಿಂಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಬಸ್ಸು ಸರಿಯಾಗಿ ಓಡತೊಡಗಿದ ಮೇಲೆ ಬಂದು ತೆಗೆದುಕೊಂಡು ಹೋಗು, ಊಟಕ್ಕೆ ಬಾ. ಬರುವ ಮೊದಲು ಒಂದು ಕೆಲಸ ಮಾಡು: ಏಪ್ರಿಲ್ ಕೊನೆಯಲ್ಲಿ ಸುರಂಗದ ಬಾಯಿಯಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕಾಗುತ್ತಿತ್ತೆಂದು ಅಮ್ಮನಲ್ಲಿ ಕೇಳಿ, ಅವಳು ಹೇಳಿದ ಮಾತಿನಲ್ಲೇ ಬರೆದುಕೊಂಡು ಬಾ.

ಇತಿ,
ನಿನ್ನ ಮಾಷ್ಟ್ರು