ಆ ಮಗುವಿಗೆ ಹೆಸರು ಸಿಕ್ಕಿ ಬಹಳ ಕಾಲವಾಯಿತು

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಟೈಟಾನಿಕ್ ಹಡಗಿನ ಬಗ್ಗೆ ಒಂದಿಡೀ ಪುಟ ಬರೆದಿದ್ದೀರಿ. ಮೊದಲ ದರ್ಜೆಯವರಿಗೆ ಕೊನೆಯ ರಾತ್ರಿ ಏನೇನು ಬಡಿಸಿದ್ದರು, ಯಾವ ಕೋಟ್ಯಧಿಪತಿ ಹೇಗೆ ಸತ್ತ, ಎಲ್ಲ ಇದೆ. ಬಲಗಡೆ ಕೆಳಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಚಿತ್ರ. ಕೆನಡಾದ ಹ್ಯಾಲಿಫ್ಯಾಕ್ಸ್ ಊರಿನ ಸ್ಮಶಾನದ ಕಲ್ಲು ಅದು. ಅದರಡಿಗೆ ‘ಇಂದಿಗೂ ಗುರುತು ಸಿಗದ ಮಗುವಿನ ಸಮಾಧಿ’ ಎಂದು ಅಚ್ಚಾಗಿದೆ. ಇದು ತಪ್ಪು. ಗುರುತು 2007ರಲ್ಲೇ ಸಿಕ್ಕಿದೆ. ಹೆಸರು ಸಿಡ್ನಿ ಲೆಸ್ಲಿ ಗುಡ್ವಿನ್. ಗಂಡುಮಗು, ಹಡಗು ಮುಳುಗಿದಾಗ 19 ತಿಂಗಳು.

ಇದನ್ನೆಲ್ಲ ಹೇಳೋಕೆ ಇವನ್ಯಾರು ಅಂದುಕೊಳ್ಳಬಹುದು. ನಾನು ಶಿವನಸಮುದ್ರದ ಪವರ್ ಹೌಸ್‌ನಲ್ಲಿ, ನಮ್ಮ ಕಡೆ ಬ್ಲಫ್ ಅಂತೀವಲ್ಲ ಅಲ್ಲಿ, 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಹಡಗು ಹತ್ತಿದವನಲ್ಲ. ಸಮುದ್ರ ನೋಡಿದ್ದೂ ಒಂದೇ ಸಲ, ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರಿಗೂ ಹೋಗಿದ್ದಾಗ. ನನ್ನ ಮಟ್ಟಿಗೆ ನೀರು ಅಂದರೆ ಕಾವೇರಿ, ಅಷ್ಟೇ.

ಈ ಗುಡ್ವಿನ್ ಮನೆಯವರ ಬೆನ್ನು ಬಿದ್ದದ್ದೂ ಪವರ್ ಹೌಸ್ ದೆಸೆಯಿಂದಲೇ. ಸಿಡ್ನಿಯ ಅಪ್ಪ ಫ್ರೆಡರಿಕ್ ಲಂಡನ್ನಿನ ಫುಲ್ಹಾಮ್‌ನಲ್ಲಿದ್ದ. ಅವನ ಅಣ್ಣತಮ್ಮಂದಿರಲ್ಲಿ ಥಾಮಸ್ ಅನ್ನುವವನು ಮೊದಲೇ ಅಮೆರಿಕಕ್ಕೆ ಹೋಗಿ ನಯಾಗರ ಜಲಪಾತದ ಊರಿನಲ್ಲಿ ನೆಲೆಸಿದ್ದ. ಇಲ್ಲೊಂದು ಪವರ್ ಹೌಸ್ ಶುರುವಾಗುತ್ತಿದೆ ಎಂದು ಅವನು ಕಾಗದ ಹಾಕಿದ. ಇವನು ಸಂಸಾರ ಕಟ್ಟಿಕೊಂಡು ಹೊರಟ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಬ್ಲಫ್‌ನ ಮೊದಲ ಜನರೇಟರ್‌ಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದಂಥವು. 1902ರ ಜೂನ್ 30ಕ್ಕೆ ಇಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಅದಾಗಿ ಹತ್ತು ವರ್ಷಕ್ಕೆ ಈ ಮನುಷ್ಯ ಇನ್ನೊಂದು ಜಲಪಾತ ಹುಡುಕಿಕೊಂಡು ಹೊರಟಿದ್ದಾನೆ. ನಮ್ಮ ಕ್ವಾರ್ಟರ್ಸ್‌ಗೂ ಜನ ಹೀಗೇ ಬರುತ್ತಿದ್ದರು. ಅಣ್ಣ ಕಾಗದ ಬರೆದವ್ನೆ, ಕೆಲಸ ಐತಂತೆ ಅನ್ನೋರು. ಒಂದು ಟ್ರಂಕು, ಹಾಸಿಗೆ ಸುರುಳಿ, ಸಾಲಾಗಿ ಮಕ್ಕಳು, ಒಂದು ಮಂಕರಿಯಲ್ಲಿ ಕೋಳಿ.

ಫ್ರೆಡರಿಕ್, ಹೆಂಡತಿ ಆಗಸ್ಟಾ, ಮಕ್ಕಳು ಲಿಲಿಯನ್, ಚಾರ್ಲ್ಸ್, ವಿಲಿಯಂ, ಜೆಸ್ಸಿ, ಹೆರಾಲ್ಡ್, ಸಿಡ್ನಿ. ಒಟ್ಟು ಎಂಟು ಜನ, ಮೂರನೇ ದರ್ಜೆ ಟಿಕೆಟ್ಟು. ಅವರು ಮೊದಲು ಹೋಗಬೇಕಿದ್ದುದು ಬೇರೊಂದು ಸಣ್ಣ ಹಡಗಿನಲ್ಲಿ. ಇಂಗ್ಲೆಂಡಿನಲ್ಲಿ ಆಗ ಕಲ್ಲಿದ್ದಲು ಗಣಿಯವರ ಮುಷ್ಕರ, ಅದು ಹೊರಡಲಿಲ್ಲ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ‘ಈ ಗಾಡಿ ಕ್ಯಾನ್ಸಲ್, ಆ ಗಾಡಿ ಹತ್ಕಳಿ’ ಅಂದ ಹಾಗೆ ಇವರನ್ನು ಟೈಟಾನಿಕ್‌ಗೆ ಹತ್ತಿಸಿದರು. ಹಡಗಿನಲ್ಲಿ ಹೆರಾಲ್ಡ್‌ಗೆ ಫ್ರಾಂಕ್ ಗೋಲ್ಡ್‌ಸ್ಮಿತ್ ಎಂಬ ಒಂಬತ್ತು ವರ್ಷದ ಹುಡುಗ ಗೆಳೆಯನಾದ. ಫ್ರಾಂಕ್ ಬದುಕಿಕೊಂಡ. ಗುಡ್ವಿನ್ ಮನೆಯ ಎಂಟರಲ್ಲಿ ಒಂದು ಜೀವವೂ ಉಳಿಯಲಿಲ್ಲ. ಮೂರನೇ ದರ್ಜೆಯ ಮಕ್ಕಳಲ್ಲಿ ಉಳಿದದ್ದೇ ಮೂರರಲ್ಲೊಂದು ಪಾಲು. ಎರಡನೇ ದರ್ಜೆಯ ಮಕ್ಕಳೆಲ್ಲ ಉಳಿದರು. ಇದೂ ನಿಮ್ಮ ಪುಟದಲ್ಲಿ ಇರಲಿಲ್ಲ.

ಹೆಣ ಎತ್ತಲು ಹೋದದ್ದು ಮ್ಯಾಕೆ-ಬೆನೆಟ್ ಎಂಬ ಹಡಗು. ಸಮುದ್ರದಡಿಯ ಟೆಲಿಗ್ರಾಫ್ ತಂತಿ ರಿಪೇರಿ ಮಾಡುವ ಹಡಗು ಅದು, ಅಂದರೆ ಒಂದು ಲೆಕ್ಕದಲ್ಲಿ ನಮ್ಮ ಲೈನ್‌ಮನ್‌ಗಳೇ. ಅವರಿಗೆ ಸಿಕ್ಕಿದ್ದು 306 ಹೆಣ. ನಾಲ್ಕನೆಯದೇ ಈ ಕೂಸು. ಕೇಳಿಕೊಂಡು ಯಾರೂ ಬರಲಿಲ್ಲ. ಬರಬೇಕಾದವರೆಲ್ಲ ನೀರಿನಲ್ಲೇ ಇದ್ದರಲ್ಲ. ಹಡಗಿನ ಕೆಲಸಗಾರರು ತಾವೇ ಕೈಯಿಂದ ದುಡ್ಡು ಹಾಕಿ ಕಲ್ಲು ನೆಡಿಸಿದರು. ‘ನಮ್ಮ ಕೂಸು’ ಎಂದು ಬರೆದ ತಾಮ್ರದ ಬಿಲ್ಲೆಯೊಂದನ್ನು ಪೆಟ್ಟಿಗೆಯೊಳಗೆ ಇಟ್ಟರು.

ಸತ್ತವರ ಬಟ್ಟೆಬರೆ ಕದ್ದು ನೆನಪಿಗೆಂದು ಮಾರುವವರು ಹುಟ್ಟಿಕೊಂಡಾರು ಎಂದು ಎಲ್ಲ ಸುಡಲು ಹುಕುಂ ಆಯಿತು. ಕಾವಲಿಗಿದ್ದ ಕ್ಲಾರೆನ್ಸ್ ನಾರ್ತೋವರ್ ಎಂಬ ಪೊಲೀಸ್ ಸಾರ್ಜೆಂಟ್‌ಗೆ ಒಂದು ಜೊತೆ ಕಂದುಬಣ್ಣದ ಪುಟ್ಟ ಬೂಟು ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ. ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೊಂಡ. 2002ರಲ್ಲಿ ಅವನ ಮೊಮ್ಮಗ ಅದನ್ನು ಹ್ಯಾಲಿಫ್ಯಾಕ್ಸ್‌ನ ಮ್ಯೂಸಿಯಂಗೆ ಕೊಟ್ಟ. ಅಷ್ಟರಲ್ಲಿ ಗೋರಿ ಅಗೆದು, ಸಿಕ್ಕಿದ ಮೂರು ಹಲ್ಲು, ಒಂದು ಚೂರು ಮೂಳೆ ಪರೀಕ್ಷಿಸಿ, ಇದು ಫಿನ್ಲೆಂಡಿನ 13 ತಿಂಗಳ ಎಯ್ನೊ ಪನುಲಾ ಎಂಬ ಕೂಸು ಎಂದು ಹೇಳಿಬಿಟ್ಟಿದ್ದರು. ಆದರೆ ಬೂಟು 13 ತಿಂಗಳ ಕಾಲಿಗೆ ದೊಡ್ಡದು. ಮತ್ತೆ ಡಿಎನ್‌ಎ ಪರೀಕ್ಷೆ ಮಾಡಿದರು, ಆಗ ಸಿಡ್ನಿ ಎಂದು ಗೊತ್ತಾಯಿತು.

ಮೊದಲ ಸುದ್ದಿ ಬಂದಾಗ ನಾನು ಪೇಪರ್ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದ್ದೆ. ಕ್ವಾರ್ಟರ್ಸ್ ಶಾಲೆಯ ಮಕ್ಕಳಿಗೂ ಪನುಲಾ ಹೆಸರನ್ನೇ ಹೇಳಿದ್ದೆ. ಆ ಮಕ್ಕಳು ಈಗ ಬೆಂಗಳೂರು, ದುಬೈ ಅಂತ ಎಲ್ಲೆಲ್ಲೋ ಇದ್ದಾರೆ. ಅವರನ್ನೆಲ್ಲ ಹುಡುಕಿ ತಿದ್ದುವುದು ನನ್ನಿಂದಾಗದು. ನಿಮ್ಮಿಂದಾದೀತು. ಹಾಗೆಂದು ಪನುಲಾ ಕೂಸನ್ನು ಕೈಬಿಡಿ ಅನ್ನುತ್ತಿಲ್ಲ. ಅದರ ತಾಯಿ ಮಾರಿಯಾ, ತನ್ನ ಐದು ಗಂಡುಮಕ್ಕಳ ಜೊತೆ ಗಂಡನಿರುವ ಪೆನ್ಸಿಲ್ವೇನಿಯಾಕ್ಕೆ ಹೊರಟವಳು, ಆರೂ ಜನ ಹೋದರು.

ನಮ್ಮವಳು ‘ಎಲ್ಲಿಯ ಹಡಗು, ಎಲ್ಲಿಯ ಕೂಸು, ನಿಮಗ್ಯಾಕ್ರೀ ಬೇಕು’ ಅನ್ನುತ್ತಾಳೆ. ಅವಳಿಗೂ ಹೇಳಿಲ್ಲದ ಒಂದು ಸಂಗತಿ ಇದೆ. ಬ್ಲಫ್‌ನಲ್ಲಿ ನೀರು ಪೈಪಿಗೆ ಇಳಿಯುವ ಮುಂಚೆ ಕಬ್ಬಿಣದ ಜಾಲರಿ ಇರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಬಾಳೆದಿಂಡು, ತೆಂಗಿನ ಗರಿ, ದೇವರ ಹಾರ, ಒಮ್ಮೊಮ್ಮೆ ಹೆಣವೂ ಬಂದು ಸಿಕ್ಕಿಕೊಳ್ಳುತ್ತದೆ. ಎಳೆದು ಹಾಕುವುದು ನಮ್ಮ ಕೆಲಸ. ಒಂದು ಆಗಸ್ಟ್‌ನಲ್ಲಿ ಕಸದ ನಡುವೆ ಬೆರಳುದ್ದದ ಕೆಂಪು ರಬ್ಬರ್ ಚಪ್ಪಲಿ ಸಿಕ್ಕಿತು, ಒಂಟಿ. ಮಕ್ಕಳು ನಡೆದರೆ ಪೀಂ ಪೀಂ ಅನ್ನುತ್ತದಲ್ಲ, ಆ ಥರದ್ದು. ಹಿಮ್ಮಡಿ ಅದುಮಿದೆ. ಮೊದಲು ನೀರು ಬಂತು. ಇನ್ನೊಂದು ಸಲ ಅದುಮಿದೆ, ಪೀಂ ಅಂದಿತು. ಜೊತೆಯವನು ‘ಬಿಸಾಕಣ್ಣೋ, ಯಾರೋ ಬಟ್ಟೆ ಒಗೆಯುವಾಗ ಕೊಚ್ಕೊಂಡ್ ಬಂದದೆ’ ಅಂದ. ಹಾಗೇ ಇರಬೇಕು. ಆದರೂ ಶೆಡ್ಡಿನ ಕಿಟಕಿಯ ಮೇಲಿಟ್ಟೆ. ಆ ವರ್ಷ ಮೇಲಿನಿಂದ ಮಗುವಿನ ಹೆಣವೇನೂ ಬರಲಿಲ್ಲ, ಚಪ್ಪಲಿ ಕೇಳಿಕೊಂಡೂ ಯಾರೂ ಬರಲಿಲ್ಲ. ದಸರೆಗೆ ಸುಣ್ಣ ಬಳಿಯಲು ಬಂದವರು ಎಸೆದರು.

ಕಲ್ಲಿನ ಮೇಲೆ ಇವತ್ತಿಗೂ ‘ಗುರುತು ಸಿಗದ ಮಗು’ ಎಂದೇ ಇರುವುದರಿಂದ ನಿಮ್ಮವರು ಎಡವಿರಬಹುದು. ಸತ್ತ ಮಕ್ಕಳೆಲ್ಲರ ಪರವಾಗಿ ಅದು ಹಾಗೇ ಇರಲಿ ಎಂದು ಗುಡ್ವಿನ್ ಬಂಧುಗಳೇ ಬಿಟ್ಟಿದ್ದಾರೆ. ಕಲ್ಲಿಗೆ ಅದು ಸರಿ, ಪೇಪರಿಗಲ್ಲ.

ಆದ್ದರಿಂದ ಮುಂದಿನ ಭಾನುವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ಕಾಗದ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ನನ್ನ ಚಪ್ಪಲಿಯ ಪ್ಯಾರಾ ತೆಗೆಯಿರಿ. ಆ ಎಂಟು ಹೆಸರುಗಳನ್ನು ಮಾತ್ರ ತೆಗೆಯಬೇಡಿ.

– ನಿವೃತ್ತ ಆಪರೇಟರ್, ಬ್ಲಫ್ (ಈಗ ಮಳವಳ್ಳಿ)