ಕಾರಿನ ತಳಕ್ಕೆ ಹೇಳಿದ್ದು ಹಂಚಿನ ಬಣ್ಣ, ನೀವು ಬಳಿದದ್ದು ಡಾಂಬರು

ಧಾರವಾಡ
28 ಜುಲೈ 2025

ಇವರಿಗೆ,
ಮ್ಯಾನೇಜರ್ ಅವರು,
ಹಳೇ ಕಾರುಗಳ ರಿಪೇರಿ ಮತ್ತು ಪೇಂಟಿಂಗ್ ವಿಭಾಗ,
ಹುಬ್ಬಳ್ಳಿ

ವಿಷಯ: 1969ರ ಫಿಯೆಟ್ 1100 ಡಿಲೈಟ್ ಕಾರಿನ ಅಂಡರ್‌ಕೋಟಿಂಗ್ (ತುಕ್ಕು ಹಿಡಿಯದಂತೆ ತಳಕ್ಕೆ ಹೊಡೆಯುವ ಕೋಟಿಂಗ್) ಒಪ್ಪಿಕೊಂಡ ಬಣ್ಣದಲ್ಲಿ ಮಾಡದಿರುವ ಬಗ್ಗೆ ದೂರು

ಮಾನ್ಯರೇ,

ನಮಸ್ಕಾರ. ಜೂನ್ 9ರಂದು ನಿಮ್ಮ ಗ್ಯಾರೇಜಿಗೆ ಬಿಟ್ಟಿದ್ದ ನನ್ನ ಬಿಳಿ ಫಿಯೆಟ್ ಕಾರನ್ನು ಜುಲೈ 18ರ ಸಂಜೆ ವಾಪಸ್ ತಂದೆ. ಮೇಲಿನ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಬಾಗಿಲು ಈಗ ಒಂದೇ ಸಲಕ್ಕೆ ಮುಚ್ಚುತ್ತದೆ. ಬಿಳಿ ಬಣ್ಣವೂ ಚೆನ್ನಾಗಿ ಬಂದಿದೆ. ತಕರಾರು ಇರುವುದು ಗಾಡಿಯ ತಳದ ಬಗ್ಗೆ. ಅದಕ್ಕೆಂದೇ ಬೇರೆಯಾಗಿ 38,500 ರೂಪಾಯಿ ಕೊಟ್ಟಿದ್ದೇನೆ. 20,000 ಮುಂಗಡ, ಉಳಿದ 18,500 ಗಾಡಿ ಬಿಡಿಸಿಕೊಳ್ಳುವ ದಿನ ಫೋನ್‌ಪೇಯಲ್ಲಿ.

ಫೋನಿನಲ್ಲಿ ನಾನು ಹೇಳಿದ್ದು ನಿಮ್ಮವರಿಗೆ ಸರಿಯಾಗಿ ತಲುಪಿಲ್ಲ ಅನಿಸುತ್ತದೆ. ಅದಕ್ಕೇ ಇದನ್ನು ಬರೆದು ಕೊಡುತ್ತಿದ್ದೇನೆ.

ಈ ಕಾರು ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾದದ್ದು. ಇದೇ ಮಾಡೆಲ್ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಅನ್ನುವ ಹೆಸರು ಪಡೆಯಿತು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ನಮ್ಮಪ್ಪ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ನವಲಗುಂದದ ಕಡೆ ಹೊಲಕ್ಕೆ ಹೋಗಿ ಬಂದು ಮಾಡುತ್ತಿದ್ದುದರಿಂದ ಎರಿ ಮಣ್ಣು ತಳಕ್ಕೆ ಮೆತ್ತಿಕೊಳ್ಳುತ್ತಿತ್ತು. ಮಳೆಗಾಲದಲ್ಲಿ ಆ ಮಣ್ಣು ವಾರಗಟ್ಟಲೆ ಒಣಗುವುದಿಲ್ಲ, ನಿಮಗೂ ಗೊತ್ತಿರುವ ಮಾತೇ. ತುಕ್ಕು ಹಿಡಿಯಬಾರದೆಂದು ಅಪ್ಪ ಆಗಾಗ ಕರಿ ಡಾಂಬರು ಕೋಟಿಂಗ್ ಹೊಡೆಸುತ್ತಿದ್ದರು. ಒಂದರ ಮೇಲೊಂದು ಎಷ್ಟು ಪದರ ಬಿದ್ದವೋ ಲೆಕ್ಕ ಇಟ್ಟವರಿಲ್ಲ. ಹಾಗಾಗಿ ಫಿಯೆಟ್ ತಳ ಅಂದರೆ ಕಪ್ಪು ಅಂತಲೇ ನಾನೂ ಚಿಕ್ಕಂದಿನಿಂದ ತಿಳಿದುಕೊಂಡಿದ್ದೆ.

ಆಮೇಲೆ ಹೋದ ವರ್ಷ ಪೆಟ್ರೋಲ್ ಪೈಪ್ ಬದಲಿಸುವಾಗ, ಅದನ್ನು ಹಿಡಿದಿಟ್ಟಿದ್ದ ಒಂದು ಕ್ಲಿಪ್ ಬಿಚ್ಚಿದೆ. ಅದರ ಅಡಿಗೆ ಡಾಂಬರು ಇಳಿದಿರಲಿಲ್ಲ. ಉಗುರಿನಷ್ಟು ಜಾಗದಲ್ಲಿ ಬೇರೆಯೇ ಬಣ್ಣ ಕಂಡಿತು. ಸುತ್ತಲಿನ ಹಳೇ ಡಾಂಬರು ಒಣಗಿ ಬಿರುಕು ಬಿಟ್ಟಿತ್ತು, ಮರದ ಚಕ್ಕೆಯಿಂದ ಮೆಲ್ಲಗೆ ಕೆರೆದರೆ ಹೊಟ್ಟಿನ ಹಾಗೆ ಎದ್ದು ಬಂತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ಒಂದು ಸಲ ಮೇಲುಮೇಲೆ ಒರೆಸಿದೆ. ಥಿನ್ನರ್ ಮುಟ್ಟಲಿಲ್ಲ, ಅದು ಹಾಕಿದರೆ ಒಳಗಿನ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ. ಅಂಗೈ ಅಗಲದ ಜಾಗ ಸ್ವಚ್ಛವಾಯಿತು. ಮಳೆಯಲ್ಲಿ ನೆನೆದ ಮಂಗಳೂರು ಹಂಚು ಇರುತ್ತದಲ್ಲ, ಆ ಬಣ್ಣ. ಬ್ಯಾಡಗಿ ಮೆಣಸಿನಕಾಯಿ ಪುಡಿಯ ಕೆಂಪಲ್ಲ, ಅದಕ್ಕಿಂತ ಮಂದ, ಕಂದು ಜಾಸ್ತಿ. ಮೇಲ್ಮೈ ಸಣ್ಣ ರವೆ ಉದುರಿಸಿದ ಹಾಗೆ ತರಿತರಿ. ಹೊಳಪೇ ಇಲ್ಲ.

ಇದು ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣಕ್ಕೂ ಮೊದಲು ತಗಡಿಗೆ ಹೊಡೆಯುವ ತೆಳು ಪದರ) ಇರಬೇಕು ಅಂತ ನಿಮ್ಮ ಪೇಂಟರ್ ಮೊದಲ ದಿನವೇ ವಾದ ಮಾಡಿದರು. ಅವರ ಎದುರಿಗೇ ಒಂದು ಅಂಚನ್ನು ಬ್ಲೇಡಿನಿಂದ ಕೊರೆದು ತೋರಿಸಿದೆ. ಕೆಳಗೆ ತಗಡು, ಅದರ ಮೇಲೆ ಕಾಗದದಷ್ಟು ತೆಳು ಬೂದು ಪ್ರೈಮರ್, ಅದರ ಮೇಲೆ ಈ ಹಂಚಿನ ಬಣ್ಣದ ದಪ್ಪ ಪದರ. ಪ್ರೈಮರ್ ಉಗುರಿಗೆ ಸಿಗುವುದಿಲ್ಲ, ಇದು ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುತ್ತದೆ. ಫೆಂಡರ್ ಅಂಚಿನ ಕಡೆ ಇದರ ಮೇಲೆ ಬಿಳಿ ಬಣ್ಣದ ಸಣ್ಣ ಸಣ್ಣ ಹನಿ ಬೇರೆ ಹಾರಿತ್ತು. ಅಂದರೆ ಈ ಗಾಡಿಗೆ ಮೊದಲು ತಳ ಹೊಡೆದು, ಆಮೇಲೆ ಮೈ ಬಣ್ಣ ಹೊಡೆದಿದ್ದಾರೆ. ಅದನ್ನು ನೋಡಿ ನಿಮ್ಮ ಪೇಂಟರ್ ಕೂಡ ಹೌದು ಅಂತ ಒಪ್ಪಿದರು. ಅವರ ಕಣ್ಣು ಒಳ್ಳೆಯದು, ಅದರಲ್ಲಿ ಸುಳ್ಳಿಲ್ಲ.

ಆ ಅಂಗೈ ಅಗಲದ ಜಾಗಕ್ಕೆ ನಾನೇ ಮಾಸ್ಕಿಂಗ್ ಟೇಪ್ ಹಚ್ಚಿ, ಮೇಲೆ ಪೆನ್ನಿನಲ್ಲಿ ‘ಮುಟ್ಟಬೇಡಿ’ ಅಂತ ಬರೆದು ಗಾಡಿ ಬಿಟ್ಟುಹೋಗಿದ್ದೆ.

ಬಣ್ಣ ಹೊಂದಿಸುವ ಕೆಲಸವನ್ನು ನಿಮ್ಮವರು ಶುರುವಿನಲ್ಲಿ ಚೆನ್ನಾಗಿಯೇ ಮಾಡಿದರು. ಪೇಂಟ್ ಅಂಗಡಿಯಿಂದ ಬಣ್ಣ ಅಳೆಯುವ ಮಷಿನ್ ತಂದು ಹಿಡಿದಾಗ ಅದು ಕಾಫಿ ಬಣ್ಣ ಹೇಳಿತು. ಮಷಿನ್‌ಗೆ ನುಣುಪು ಮೇಲ್ಮೈ ಬೇಕು. ತರಿತರಿ ಇದ್ದರೆ ಪ್ರತಿ ಕಾಳಿನ ನೆರಳನ್ನೂ ಸೇರಿಸಿಕೊಂಡು ಬಣ್ಣವನ್ನು ಕಪ್ಪು ಮಾಡಿ ತೋರಿಸುತ್ತದೆ. ಕೊನೆಗೆ ಕಣ್ಣಳತೆಯಲ್ಲೇ ಮಾಡೋಣ ಅಂತಾಯಿತು. ಮೂರು ತಗಡಿನ ಪ್ಲೇಟಿಗೆ ಮೂರು ಮಿಶ್ರಣ ಹೊಡೆದರು. ಒದ್ದೆ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು, ಹಾಗಾಗಿ ಎರಡು ದಿನ ಬಿಟ್ಟು ಬಂದೆ. ನಿಮ್ಮ ಶೆಡ್‌ನ ಟ್ಯೂಬ್‌ಲೈಟಿನಲ್ಲಿ ಎರಡನೇ ಪ್ಲೇಟ್ ಸರಿ ಕಂಡಿತು. ಗಾಡಿ ಹೊರಗೆ ತಳ್ಳಿಸಿ ಬಿಸಿಲಿಗೆ ಹಿಡಿದರೆ ಅದು ಸುಟ್ಟ ಇಟ್ಟಿಗೆಯ ಹಾಗೆ ಕೆಂಪಾಯಿತು! ಮೂರನೆಯದು ಮಾತ್ರ ಒಳಗೂ ಹೊರಗೂ ಕೂತಿತು. ಅದರ ಹಿಂದೆ ನಾನೂ ನಿಮ್ಮ ಸೂಪರ್‌ವೈಸರ್ ಅವರೂ ಜೂನ್ 14ರ ತಾರೀಕು ಹಾಕಿ ಸಹಿ ಮಾಡಿದೆವು. ಎಸ್ಟಿಮೇಟ್ ಹಾಳೆಯಲ್ಲಿ ಅವರ ಕೈಬರಹದಲ್ಲೇ ಇದೆ: ‘ತಳ, ಸ್ಯಾಂಪಲ್ 3ರ ಪ್ರಕಾರ, ಮ್ಯಾಟ್.’ ಹಳೇ ಡಾಂಬರು ಪೂರ್ತಿ ಕೆರೆದು, ತುಕ್ಕು ತೆಗೆದು, ಪ್ರೈಮರ್ ಹೊಡೆದು, ಮೇಲೆ ಬಣ್ಣ ಹಿಡಿಯುವಂಥ ರಬ್ಬರ್ ಕೋಟಿಂಗ್ ಹಾಕಿ, ಅದರ ಮೇಲೆ ಈ ಬಣ್ಣ. ಇದು ಒಪ್ಪಂದ. ಮಳೆಗಾಲ ಮುಗಿಯಲಿ, ದಸರಾ ಆದಮೇಲೆ ಮಾಡೋಣವೇ ಅಂತಲೂ ಕೇಳಿದ್ದೆ. ಹೀಟರ್ ಇದೆ, ಚಿಂತಿಸಬೇಡಿ ಅಂದಿರಿ.

ಜುಲೈ 18ರ ಸಂಜೆ ಜಿಟಿಜಿಟಿ ಮಳೆ, ಕತ್ತಲು ಬೇರೆ. ತಳ ಬಗ್ಗಿ ನೋಡದೆ ದುಡ್ಡು ಕೊಟ್ಟು ಹೊರಟದ್ದು ನನ್ನ ತಪ್ಪು. ನವನಗರ ದಾಟುವಷ್ಟರಲ್ಲಿ ಕಾರಿನೊಳಗೆ ಸುಟ್ಟ ಡಾಂಬರಿನ ವಾಸನೆ. ರಸ್ತೆಗೆ ಡಾಂಬರು ಹಾಕುತ್ತಿರಬೇಕು ಅಂದುಕೊಂಡು ಗಾಜು ಏರಿಸಿದೆ. ವಾಸನೆ ಇನ್ನೂ ಜಾಸ್ತಿಯಾಯಿತು.

ಭಾನುವಾರ ಮಾಳಮಡ್ಡಿಯಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರ ರ‍್ಯಾಂಪ್ ಮೇಲೆ ಗಾಡಿ ಏರಿಸಿದೆ. ತಳವೆಲ್ಲ ಕಪ್ಪು. ಅದೂ ಎಮ್ಮೆ ಮೈತೊಳೆದ ಹಾಗೆ ಹೊಳೆಯುವ ಕಪ್ಪು. ಸೈಲೆನ್ಸರಿಗೂ ಹೊಡೆದಿದ್ದೀರಿ, ಅದಕ್ಕೇ ಆ ವಾಸನೆ. ಹ್ಯಾಂಡ್‌ಬ್ರೇಕ್ ಕೇಬಲ್ ಕೋಲಿನಂತೆ ಬಿರುಸಾಗಿದೆ. ಹಿಂದಿನ ಎಡ ಚಕ್ರದ ಮೇಲ್ಭಾಗದಲ್ಲಿ ಕೋಟಿಂಗ್ ಹಂಚಿನ ಮೇಲಿನ ಜೋಳದ ರೊಟ್ಟಿಯಂತೆ ಉಬ್ಬಿತ್ತು. ಸ್ಕ್ರೂಡ್ರೈವರ್ ತುದಿ ತಾಗಿಸಿದ್ದೇ ತಡ, ಅಂಗೈಯಷ್ಟು ಹಪ್ಪಳ ಎದ್ದು ಬಂತು. ಒಳಗೆ ಹಸಿ ಎರಿ ಮಣ್ಣು! ಕೆರೆಯುವುದಿರಲಿ, ಒಂದು ಬಕೆಟ್ ನೀರು ಹಾಕಿ ತೊಳೆದೂ ಇಲ್ಲ. ಮಣ್ಣಿನ ಮೇಲೇ ಬಳಿದಿದ್ದೀರಿ. ಬಾಗಿಲ ಕೆಳಗಿನ ಸಿಲ್‌ನಲ್ಲಿ ನೀರು ಇಳಿಯಲೆಂದು ಇರುವ ತೂತುಗಳೂ ಮುಚ್ಚಿಹೋಗಿವೆ. ತಂತಿ ಹಾಕಿ ಚುಚ್ಚಿದಾಗ ಒಂದು ಕಡೆಯಿಂದ ಅರ್ಧ ಲೋಟ ನೀರು ಬಂತು. ಫೋಟೋ ಇದೆ, ವಿಡಿಯೋ ಇದೆ.

ಇದು ಬರೀ ಬಣ್ಣದ ವಿಚಾರ ಅಲ್ಲ ಅನ್ನುವುದು ಇಲ್ಲಿ ಗೊತ್ತಾಗಬೇಕು. ತೇವದ ಮೇಲೆ ಡಾಂಬರು ಕೂತರೆ ತೇವ ಹೊರಗೆ ಬರಲಾಗದೆ ತಗಡನ್ನು ಒಳಗಿಂದೊಳಗೇ ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಗಟ್ಟಿ. ಒಂದು ದಿನ ಜ್ಯಾಕ್ ಹಚ್ಚಿದಾಗ ಜ್ಯಾಕ್ ಒಳಗೆ ಹೋಗುತ್ತದೆ. ಏನೂ ಹೊಡೆಯದೆ ಕೊಟ್ಟಿದ್ದರೂ ಇದಕ್ಕಿಂತ ವಾಸಿ ಇತ್ತು.

ಮಾರನೇ ದಿನ ಫೋನ್ ಮಾಡಿದರೆ ನಿಮ್ಮವರು ಹೇಳಿದ್ದು ಇಷ್ಟು: ‘ಸರ, ಗಾಡಿ ತಳಾ ಯಾರ್ ಬಗ್ಗಿ ನೋಡ್ತಾರ್ರೀ? ಕರಿದಾದ್ರ ಹೊಲಸೂ ಕಾಣೂದಿಲ್ಲ.’

ಇದಕ್ಕೆ ಉತ್ತರ ಕೊಡಲೇಬೇಕು. ಸೀರೆಯ ಫಾಲ್ ಯಾರಿಗೆ ಕಾಣುತ್ತದೆ? ಒಳಮಗ್ಗುಲಲ್ಲಿ ಇರುತ್ತದೆ. ಆದರೂ ನಮ್ಮವ್ವ ದುರ್ಗದ ಬೈಲಿನಲ್ಲಿ ಫಾಲ್ ಕೊಳ್ಳಲು ಹೋದರೆ ಸೀರೆ ಸೆರಗು ಹಿಡಿದುಕೊಂಡು ಅಂಗಡಿ ಹೊರಗೆ ಬಂದು ಬಿಸಿಲಿಗೆ ಒಡ್ಡಿ ನೋಡುತ್ತಿದ್ದಳು. ಅಂಗಡಿಯವರು ಹತ್ತು ಬಂಡಲ್ ಬಿಚ್ಚುತ್ತಿದ್ದರು, ಒಬ್ಬರೂ ಯಾರು ನೋಡುತ್ತಾರೆ ಅಂತ ಕೇಳಿದ್ದು ನನಗೆ ನೆನಪಿಲ್ಲ. ಐದು ಮೀಟರ್ ಸೀರೆಗೆ ಇರುವ ಮರ್ಯಾದೆ ನಾನು 38,500 ಕೊಟ್ಟ ಕೆಲಸಕ್ಕೆ ಬೇಡವೇ? ಅಷ್ಟಕ್ಕೂ ಯಾರು ನೋಡುತ್ತಾರೆ ಅನ್ನುವ ಪ್ರಶ್ನೆಯನ್ನು ಮೂರು ಪ್ಲೇಟ್ ಹೊಡೆಯುವ ಮೊದಲು ಕೇಳಬೇಕಿತ್ತು. ಆಗ ನಾನು ಬೇರೆ ಗ್ಯಾರೇಜ್ ಹುಡುಕುತ್ತಿದ್ದೆ.

ಜುಲೈ 22ರಂದು ನಾನೇ ನಿಮ್ಮಲ್ಲಿಗೆ ಬಂದೆ. ಮೂರನೇ ಪ್ಲೇಟ್ ಎಲ್ಲಿ ಅಂತ ಕೇಳಿದೆ. ಕಳೆದಿರಬೇಕು ಅಂದರು. ಮಾತಾಡುತ್ತಾ ಕೂತಾಗ ಬಿಲ್ಲಿಂಗ್ ಮೇಜಿನ ಕಾಲ ಕೆಳಗೆ ಕಣ್ಣು ಹೋಯಿತು. ಮೇಜು ಅಲುಗಾಡಬಾರದೆಂದು ಅದೇ ಪ್ಲೇಟನ್ನು ಮಡಚಿ ಒಟ್ಟು ಕೊಟ್ಟಿದ್ದಾರೆ. ನನ್ನ ಸಹಿಯ ಅರ್ಧ ಹೊರಗೆ ಕಾಣುತ್ತಿತ್ತು. ನಗು ಬಂತೋ ಸಿಟ್ಟು ಬಂತೋ ಈಗ ಹೇಳಲಾರೆ. ಅದರ ಫೋಟೋವನ್ನೂ ಇದರ ಜೊತೆ ಇಟ್ಟಿದ್ದೇನೆ.

ಆ ದಿನ ನೀವು ಒಂದು ದಾರಿ ಸೂಚಿಸಿದಿರಿ. ಈಗಿರುವ ಕಪ್ಪಿನ ಮೇಲೇ ಕಂದು ಬಣ್ಣ ಒಂದು ಕೈ ಹೊಡೆದು ಕೊಡುತ್ತೇವೆ, ಅದಕ್ಕೆ ದುಡ್ಡು ಬೇಡ ಅಂದಿರಿ. ಒಳ್ಳೇ ಮನಸ್ಸಿನಿಂದಲೇ ಹೇಳಿದಿರಿ ಅಂದುಕೊಳ್ಳುತ್ತೇನೆ. ಆದರೆ ಅದು ಆಗದ ಕೆಲಸ. ಡಾಂಬರಿನ ಮೇಲೆ ಥಿನ್ನರ್ ಬೆರೆಸಿದ ಪೇಂಟ್ ಬಿದ್ದರೆ ಡಾಂಬರು ಕರಗಿ ಮೇಲಕ್ಕೆ ಒಸರುತ್ತದೆ, ಕಂದು ಬಣ್ಣದಲ್ಲಿ ಕರಿ ಕಲೆ ಏಳುತ್ತದೆ. ಬಿಸಿಲಿಗೆ ಕೆಳಗಿನದು ಮೆತ್ತಗಾಗಿ ಮೇಲಿನದು ಬಿರುಕು ಬಿಡುತ್ತದೆ. ಒಳಗಿನ ಮಣ್ಣಂತೂ ಅಲ್ಲೇ ಇರುತ್ತದೆ. ಇದು ನಿಮ್ಮ ಪೇಂಟರ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಅವರನ್ನು ಕೇಳಿ ನೋಡಿ. ಈ ಕೋಟಿಂಗ್ ಅವರು ಹೊಡೆದಿಲ್ಲ, ಅವರು ಊರಿಗೆ ಹೋದ ವಾರದಲ್ಲಿ ಬೇರೆ ಹುಡುಗರ ಕೈಯಲ್ಲಿ ಮುಗಿಸಿದ್ದೀರಿ ಅಂತ ನನಗೆ ನಿಮ್ಮ ಗ್ಯಾರೇಜಿನಲ್ಲೇ ತಿಳಿಯಿತು. ರೆಡಿಮೇಡ್ ಕಪ್ಪು ಡಬ್ಬಿ ಕೈಗೆ ಸಿಕ್ಕಿದೆ, ಹೊಡೆದಿದ್ದಾರೆ.

ಒಂದೇ ಒಂದು ಪುಣ್ಯ ಆಗಿದೆ. ಆ ಹುಡುಗರು ನನ್ನ ಮಾಸ್ಕಿಂಗ್ ಟೇಪ್ ತೆಗೆಯದೆ ಅದರ ಮೇಲೇ ಹೊಡೆದಿದ್ದಾರೆ. ರ‍್ಯಾಂಪ್ ಮೇಲೆ ಕೈಯಾಡಿಸುವಾಗ ಟೇಪಿನ ಅಂಚು ಸಿಕ್ಕಿತು. ಎಳೆದೆ. ಕರಿ ತಳದ ನಡುವೆ ಅಂಗೈ ಅಗಲದ ಹಂಚಿನ ಬಣ್ಣ, ನಾನು ಬಿಟ್ಟುಹೋದ ಹಾಗೇ ಇದೆ. ಕೆಲಸ ನೀಟಾಗಿ ಮಾಡಿದ್ದರೆ ಅದೂ ಹೋಗಿರುತ್ತಿತ್ತು. ಮತ್ತೆ ಟೇಪ್ ಹಚ್ಚಿದ್ದೇನೆ, ಈ ಸಲ ಎರಡು ಸುತ್ತು.

ಹಾಗಾಗಿ ನಾನು ಕೇಳುವುದು ಇದು. ಈಗ ಹೊಡೆದ ಕಪ್ಪನ್ನೂ ಕೆಳಗಿನ ಹಳೇ ಪದರಗಳನ್ನೂ ಹೀಟ್ ಗನ್ ಮತ್ತು ಸ್ಕ್ರೇಪರ್‌ನಿಂದ ಪೂರ್ತಿ ತೆಗೆಯಬೇಕು. ಟೇಪ್ ಇರುವ ಜಾಗದ ಹತ್ತಿರ ಹೀಟ್ ಗನ್ ತರಬಾರದು. ಸೈಲೆನ್ಸರ್, ಹ್ಯಾಂಡ್‌ಬ್ರೇಕ್ ಕೇಬಲ್ ಶುಚಿ ಮಾಡಿಕೊಡಬೇಕು, ಕೇಬಲ್ ಹಾಳಾಗಿದ್ದರೆ ಹೊಸದು ಹಾಕಬೇಕು. ನೀರಿನ ತೂತುಗಳನ್ನು ತೆರೆಯಬೇಕು. ತಗಡು ಬರಿದಾದ ಮೇಲೆ ನನ್ನನ್ನು ಕರೆಯಬೇಕು. ನಾನು ಬಂದು ನೋಡಿದ ಮೇಲೆಯೇ ಪ್ರೈಮರ್ ಹೊಡೆಯಬೇಕು. ಬಣ್ಣ ಸ್ಯಾಂಪಲ್ 3ರದ್ದೇ ಆಗಬೇಕು, ಅದೇ ಪೇಂಟರ್ ಕೈಯಿಂದ ಆಗಬೇಕು. ಮಳೆ ನಿಲ್ಲುವವರೆಗೆ ಕಾಯಲು ನಾನು ತಯಾರಿದ್ದೇನೆ, ಅವಸರ ಇಲ್ಲ. ಇದಕ್ಕೆ ಬೇರೆ ದುಡ್ಡು ಕೊಡುವುದಿಲ್ಲ.

ಇದು ನಿಮ್ಮಿಂದ ಆಗದಿದ್ದರೆ 38,500 ರೂಪಾಯಿ ವಾಪಸ್ ಕೊಡಿ, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ.

ಎರಡರಲ್ಲಿ ಯಾವುದು ಅನ್ನುವುದನ್ನು ಈ ಪತ್ರ ತಲುಪಿದ 15 ದಿನದೊಳಗೆ ಬರೆದು ತಿಳಿಸಿ. ಫೋನಿನಲ್ಲಿ ಬೇಡ. ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಅಂತ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕುತ್ತೇನೆ. ಅದಕ್ಕೆ ಎರಡು ವರ್ಷದವರೆಗೆ ಅವಕಾಶ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಹೆದರಿಸಲು ಬರೆಯುತ್ತಿಲ್ಲ. ಹುಬ್ಬಳ್ಳಿ ಧಾರವಾಡದಲ್ಲಿ ಹಳೇ ಗಾಡಿ ಇಟ್ಟುಕೊಂಡವರು ನಾಲ್ಕಾರು ಜನ, ಆ ಗಾಡಿಗಳಿಗೆ ಕೈ ಹಾಕಲು ಧೈರ್ಯ ಇರುವ ಪೇಂಟರ್‌ಗಳು ಅದಕ್ಕಿಂತ ಕಡಿಮೆ. ನಿಮ್ಮ ಪೇಂಟರ್ ಜೊತೆ ಜಗಳ ಕಟ್ಟಿಕೊಳ್ಳಲು ನನಗೆ ಇಷ್ಟ ಇಲ್ಲ.

ಇನ್ನೊಂದು ಮಾತು. ಆ ಮೂರನೇ ಪ್ಲೇಟನ್ನು ಇವತ್ತೇ ಮೇಜಿನ ಕಾಲಡಿಯಿಂದ ತೆಗೆಸಿ, ಕಾಗದ ಸುತ್ತಿ ಡ್ರಾದಲ್ಲಿ ಇಡಿಸಿ. ಮೇಜಿನ ಕಾಲಿಗೆ ಒಟ್ಟು ಕೊಡಲು ಬೇಕಿದ್ದರೆ ಎರಡನೇ ಪ್ಲೇಟ್ ಇದೆಯಲ್ಲ, ಅದನ್ನು ಹಾಕಿಕೊಳ್ಳಿ.

ಇತಿ ನಿಮ್ಮ ಗ್ರಾಹಕ,
ಬಿಳಿ ಫಿಯೆಟ್ ಮಾಲೀಕ,
ಸಪ್ತಾಪುರ, ಧಾರವಾಡ

ಲಗತ್ತು: ಎಸ್ಟಿಮೇಟ್ ಹಾಳೆಯ ಜೆರಾಕ್ಸ್, ಬಿಲ್ಲು ಮತ್ತು ಫೋನ್‌ಪೇ ರಸೀದಿ, ತಳದ ಹನ್ನೊಂದು ಫೋಟೋ, ಮೇಜಿನ ಕಾಲಿನ ಒಂದು ಫೋಟೋ